ಮರೆಸುವ ಕೊಟ್ರಪ್ಪಜ್ಜ

ಯಾರು ಜಗಳ ತಂದರೂ ಕೊಟ್ರಪ್ಪಜ್ಜ ಮೊದಲು ಎಲೆಯಡಿಕೆ ತಟ್ಟೆಯನ್ನು ನಡುವೆ ಸರಿಸುತ್ತಿದ್ದ. ಎರಡೂ ಕಡೆಯವರು ಒಂದೊಂದು ಎಲೆ ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿರಲಿಲ್ಲ. ತಂಬ್ರಹಳ್ಳಿಗೆ ಅವನ ಜಗಲಿಯೇ ಕೋರ್ಟು. "ಯಾರು ಏನಂದ್ರು ಅಂತ ಕೆದಕಬ್ಯಾಡ್ರಿ. ನಾನಂಗ ಅಂದಿಲ್ಲ ಅಂತಾನೇನು? ಆತು, ಅಂದಿಲ್ಲ ಬಿಡ್ರಿ," ಎನ್ನುತ್ತಿದ್ದ. ಆ ಸುಳ್ಳಿನ ಸಂದಿಯಲ್ಲಿ ಎಷ್ಟೋ ಅಣ್ಣತಮ್ಮಂದಿರು ಮರ್ಯಾದೆ ಉಳಿಸಿಕೊಂಡು ಮನೆಗೆ ಹೋದದ್ದನ್ನು ನಾನೇ ಕಂಡಿದ್ದೇನೆ. ಕಂಡಿದ್ದೇನೆಯೋ, ಊರವರು ಹೇಳಿದ್ದನ್ನು ಕಂಡಂತೆ ನೆನೆಯುತ್ತಿದ್ದೇನೆಯೋ, ಖಚಿತವಿಲ್ಲ.

ಮೊಬೈಲ್ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಆದರೂ ಮೊದಮೊದಲು ನಿಭಾಯಿಸಿದ. ಜಾಗ ತುಂಬಿದೆ ಎಂದು ಫೋನುಗಳು ಗೋಳಿಡುತ್ತಿದ್ದ ಕಾಲ ಅದು. ಯಾರಾದರೂ ಜಗಳದ ರೆಕಾರ್ಡಿಂಗ್ ಹಿಡಿದು ಬಂದರೆ, "ಮೊಮ್ಮಗನ ಫೋಟೋ ಅಳಸ್ತೀಯೋ, ಬೈದಿದ್ದು ಅಳಸ್ತೀಯೋ?" ಎಂದು ಕೇಳುತ್ತಿದ್ದ. ಬೈಗುಳವೇ ಹೋಗುತ್ತಿತ್ತು. ಆಮೇಲೆ ಕಂಪನಿಗಳು ಜಾಗ ಬೆಳೆಸುತ್ತಲೇ ಹೋದವು. ಹಿಡಿದದ್ದನ್ನೆಲ್ಲ ಫೋನು ತಾನಾಗಿಯೇ ಅವರ ಸರ್ವರ್‌ಗೆ ಕಳಿಸತೊಡಗಿತು; ಅಳಿಸುವ ಅಗತ್ಯ ಯಾರಿಗೂ ಬೀಳಲಿಲ್ಲ. ಆ ಸರ್ವರ್‌ಗಳಿಗೆ ಊರಗಲದ ಕಟ್ಟಡಗಳು ಏಳುತ್ತಿವೆ, ಅವನ್ನು ತಣ್ಣಗಿಡಲು ನೀರು ಬೇಕು, ಹಗಲಿರುಳು ಕರೆಂಟು ಬೇಕು ಎಂದು ನಾನು ಪೇಪರಿನಲ್ಲಿ ಓದಿ ಹೇಳಿದಾಗ ಅಜ್ಜ ಉರಿದುಬಿದ್ದ.

"ನಮ್ಮ ಪಂಪಿಗೆ ಕರೆಂಟಿಲ್ಲ, ಮಂದಿ ಬೈಗುಳಕ್ಕ ತಂಪು ಮನಿ ಕಟ್ಟ್ಯಾರೇನು? ಹಳೀ ಮಾತು ಕೊಳೀಬೇಕವಾ. ಕೊಳೀಲಿಲ್ಲಂದ್ರ ಹೊಸಾದು ಎಲ್ಲಿ ಹುಟ್ಟತೈತಿ?"

ನಾನು ತಲೆದೂಗಿದೆ. ಚೆಂದದ ಮಾತಿಗೆ ತಲೆದೂಗುವುದು ಓದಿದವರ ಚಟ.

ನನ್ನ ತಂಗಿ ನಾಗವೇಣಿಯನ್ನು ತೆಲಿಗಿಗೆ ಕೊಟ್ಟಿತ್ತು. ಗಂಡ ಮಂಜುನಾಥ ಹೊಡೆಯುತ್ತಿದ್ದ. ಅವಳು ತವರಿಗೆ ಬಂದಾಗಲೆಲ್ಲ ಅಜ್ಜ ಎಲೆ ಹಾಕಿಸಿ, ವಾಪಸು ಬಸ್ಸು ಹತ್ತಿಸುತ್ತಿದ್ದ. ಮರೆಯುವ ಕೆಲಸ ಯಾವಾಗಲೂ ಅವಳದೇ. ಕೊನೆಯ ಸಲ ಮುರಿದ ಮುಂಗೈ ಹಿಡಿದುಕೊಂಡು ಬಂದವಳು, ಇನ್ನು ಹೋಗುವುದಿಲ್ಲ ಎಂದಳು. ಹಿಂದೆಯೇ ಬಂದ ಮಂಜುನಾಥ, ನಾನು ಮುಟ್ಟೇ ಇಲ್ಲ, ಬಚ್ಚಲಲ್ಲಿ ಜಾರಿದಳು ಎಂದ.

"ಹೊಡದಿದ್ದೆಲ್ಲಾ ಫೋನಿನ್ಯಾಗ ಐತಿ," ಎಂದಳು ನಾಗವೇಣಿ.

"ಎಲ್ಲೈತಿ ಫೋನು?" ಅಜ್ಜ ಕೇಳಿದ.

"ಇವನೇ ಒಡದಾನ."

ಅಜ್ಜನ ಮುಖ ಅರಳಿತು. "ಫೋನು ಒಡೀತು, ಮಾತೂ ಮುಗೀತು. ಅಂವಾ ಹೊಡದಿಲ್ಲ, ನೀ ಜಾರಿಲ್ಲ. ಎಲಿ ತಗೋ ತಾಯಿ."

ಅವಳು ಎಲೆ ಮುಟ್ಟಲಿಲ್ಲ. ನನ್ನ ಫೋನು ಇಸಿದುಕೊಂಡು, ಒಂದೇ ಕೈಯಲ್ಲಿ ತನ್ನ ಹೆಸರು, ಪಾಸ್‌ವರ್ಡ್ ಒತ್ತಿದಳು. ಎಲ್ಲೋ ದೂರದ ಕಟ್ಟಡದಲ್ಲಿದ್ದದ್ದು ಜಗಲಿಗೆ ಬಂತು: ಗಂಡನ ಬೈಗುಳ, ಏಟು, ಪಾತ್ರೆ ಉರುಳಿದ ಸದ್ದು. ಮಂಜುನಾಥ ಚಪ್ಪಲಿ ಹುಡುಕತೊಡಗಿದ. ಅವಳು ಇನ್ನೊಂದನ್ನು ಒತ್ತಿದಳು. ಈಗ ಅಜ್ಜನ ದನಿ, ಹಿಂದಿನ ಪಂಚಾಯ್ತಿಯಲ್ಲಿ ಅವಳು ಗುಟ್ಟಾಗಿ ಹಿಡಿದಿಟ್ಟದ್ದು: "ಗಂಡಸು ಅಂದಮ್ಯಾಲ ಕೈ ಒಂದೀಟು ಮುಂದ ಹೋಗತೈತಿ. ಅತ್ತು ಊರಿಗೆಲ್ಲಾ ಕೇಳಸಬ್ಯಾಡ."

"ನಾನಂಗ ಅಂದಿಲ್ಲ," ಎಂದ ಅಜ್ಜ, ಮೆಲ್ಲಗೆ.

ನಾಗವೇಣಿ ತೆಲಿಗಿಗೆ ಹೋಗಲಿಲ್ಲ; ಹಗರಿಬೊಮ್ಮನಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಳು. ಕಂಪನಿಗಳ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಅವಳ ಅಳುವನ್ನು ಅವರು ಉಳಿಸಿದ್ದು ಕರುಣೆಯಿಂದಲ್ಲ, ಜಾಗವಿತ್ತೆಂದು. ಅಜ್ಜನ ಮೇಲಿನ ಸಿಟ್ಟು ಅದಕ್ಕಿಂತ ದೊಡ್ಡದು. ಅವನನ್ನು ನಾನು ಮೆಚ್ಚಿದ್ದೆನಲ್ಲ.

ಹೋದ ಬೇಸಿಗೆಯಲ್ಲಿ ಅವನು ಅಂಗಡಿಗೆ ಬಂದ. ನಾನೂ ಅಲ್ಲಿದ್ದೆ. ಕೋಲೂರಿ ಬಾಗಿಲಲ್ಲೇ ನಿಂತ.

"ನಾ ಇನ್ನೇನು ಹೊಂಟಾಂವ. ನಂದಷ್ಟು ಅಳಿಸಿಬಿಡವಾ. ಮೊಮ್ಮಕ್ಕಳು ಕೇಳಬಾರದು."

ನಾಗವೇಣಿ ಮಿಷನ್ ನಿಲ್ಲಿಸಿದಳು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು.

"ಇರಲಿ ಬಿಡಜ್ಜ," ಎಂದಳು. "ಅಲ್ಲಿ ಜಾಗಕ್ಕೇನು ಕಡಿಮಿಲ್ಲ."

ಅವನು ನೀರು ಕುಡಿದು, ಲೋಟವನ್ನು ಜೋಪಾನವಾಗಿ ಕೆಳಗಿಟ್ಟು, ಬಸ್‌ಸ್ಟ್ಯಾಂಡಿನ ಕಡೆ ನಡೆದ. ಮಳೆಗಾಲಕ್ಕೆ ಮುಂಚೆಯೇ ತೀರಿಕೊಂಡ. ಮಣ್ಣಿಗೆ ಬಂದವರೆಲ್ಲ ಅವನನ್ನು ಹೊಗಳಿದರಂತೆ. ನಾಗವೇಣಿ ಆ ದಿನವೂ ಅಂಗಡಿ ತೆಗೆದಿದ್ದಳು.