ಸರೋಜವ್ವನ ಸವಾಲು

ಹತ್ತಿಮತ್ತೂರಿನ ಸರೋಜವ್ವ ಗೀಗೀ ಹಾಡಲು ನಿಂತರೆ ನಾನು ಹಿಂದೆ ನಿಂತು ತುಂತುಣಿ ಮೀಟುತ್ತೇನೆ. ಅವಳು ಸಾಲು ಬಿಟ್ಟ ಕಡೆ ‘ಗೀಯ ಗೀಯ’ ಎಂದು ದನಿ ಕೂಡಿಸುವುದು ನನ್ನ ಕೆಲಸ. ಹಿಮ್ಮೇಳದವಳ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಕೇಳದಿದ್ದರೂ ಹೇಳುತ್ತಿದ್ದೇನೆ, ಹೊಟ್ಟೆ ಉರಿದು ಹೇಳುತ್ತಿದ್ದೇನೆ.

ನಮ್ಮ ಹಾಡಿಕೆಯ ಕಟ್ಟಳೆ ಇಷ್ಟೇ: ಒಂದು ಮೇಳ ಸವಾಲು ಹಾಕಬೇಕು, ಎದುರಿನ ಮೇಳ ಜವಾಬು ಕೊಡಬೇಕು. ಪಾಲಿಗೆ ಬಂದ ಪಕ್ಷ ಸುಳ್ಳಾದರೂ ಅದೇ ಸತ್ಯ ಎನ್ನುವಂತೆ ಹಾಡಬೇಕು. ಅರೆಮನಸ್ಸಿನಿಂದ ಹಾಡಿದರೆ ಕೂತ ಮಂದಿ ಎಬ್ಬಿಸಿ ಕಳಿಸುತ್ತಾರೆ. ಸರೋಜವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪುರಾಣ, ಶರಣರ ಕಥೆ, ಆಸ್ತಿಯ ಕಾನೂನು ಎಲ್ಲವನ್ನೂ ಅವಳು ಕಲಿತದ್ದು ಎದುರಿನವರ ಸವಾಲಿಗೆ ಬಾಯಿ ಕಟ್ಟಿ ನಿಂತು, ಅವಮಾನ ನುಂಗಿ, ಊರಿಗೆ ಬಂದು ತಿಳಿದವರನ್ನೆಲ್ಲ ಪೀಡಿಸಿ. ಗೊತ್ತಿಲ್ಲದ್ದನ್ನು ಕೇಳದೆ ಬಿಡುವುದು ಅವಳ ಜಾಯಮಾನದಲ್ಲೇ ಇಲ್ಲ.

ಹೋದ ವರ್ಷ ಸವಣೂರಿನಲ್ಲಿ ನಾಯಿಕಡಿತದ ಜಾಗೃತಿ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಚಿಕ್ಕೇರೂರಿನ ಫಕ್ಕೀರೇಶನ ಮೇಳಕ್ಕೆ ಸೂಜಿಯ ಪಕ್ಷ, ನಮಗೆ ಮನೆಮದ್ದಿನ ಪಕ್ಷ. ಸರೋಜವ್ವ ದಪ್ಪು ಬಡಿದು ಎತ್ತಿದಳು:

“ನಾಯಿ ಕಚ್ಚಿದ್ದು ಕಾಲಿಗೆ, ಸೂಜಿ ಚುಚ್ಚೋದು ತೋಳಿಗೆ,
ಕಾಲಿನ ವಿಷ ತೋಳಿನಾಗ ಹ್ಯಾಂಗ ಸಿಕ್ಕೀತ ಹೇಳೋ ಜಾಣ.”

ಮಂದಿ ಸಿಳ್ಳೆ ಹೊಡೆದರು. ಫಕ್ಕೀರೇಶ, ಪಾಪ, ತನಗೆ ಕೊಟ್ಟ ಕರಪತ್ರವನ್ನೇ ರಾಗ ಎಳೆದು ಓದಿದ. ಆ ಸವಾಲಿನ ಹತ್ತಿರಕ್ಕೂ ಹೋಗಲಿಲ್ಲ. ಅವನು ಬಾಯಿ ತೆಗೆಯುವಷ್ಟರಲ್ಲಿ ಜನ ಚಹಾ ಕುಡಿಯಲು ಎದ್ದಿದ್ದರು, ಮೊಬೈಲುಗಳೂ ಕಿಸೆ ಸೇರಿದ್ದವು. ಹೀಗಾಗಿ ಫೋನುಗಳಲ್ಲಿ ಉಳಿದದ್ದು ನಮ್ಮ ಸವಾಲು ಮಾತ್ರ.

ಅದು ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು ಎಲ್ಲ ಸುತ್ತಿತು. ಬಸ್ಸು ಹತ್ತಿದರೆ ಕಂಡಕ್ಟರು, “ಖರೇ ಮಾತ ಹಾಡೀರಿ ನೋಡ್ರಿ ಅವ್ವಾರ,” ಎಂದ.

“ಅದು ಸವಾಲ್ ಐತೋ ತಮ್ಮಾ. ಜವಾಬ ಬ್ಯಾರೆ ಐತಿ,” ಎಂದಳು ಸರೋಜವ್ವ.

“ಜವಾಬ ಯಾರಿಗೆ ಬೇಕ್ರಿ,” ಎಂದು ಅವನು ಮುಂದಿನ ಸೀಟಿಗೆ ಹೋದ.

ಸಂತೆ, ಹಿಟ್ಟಿನ ಗಿರಣಿ, ಮದುವೆಮನೆ, ಎಲ್ಲಿ ಹೋದರೂ ಇದೇ ಕಥೆ. ಹೇಳಿ ಹೇಳಿ ಅವಳ ಗಂಟಲು ಒಣಗಿತು, ನನಗೆ ರೇಗಿಹೋಯಿತು. ಗೀಗೀ ಕೇಳಿಕೊಂಡೇ ಬೆಳೆದ ಸೀಮೆಯ ಜನ ಇವರು. ಸವಾಲು ಯಾವುದು, ಜವಾಬು ಯಾವುದು ಎಂದು ಇವರಿಗೆ ಇನ್ಯಾರು ಬಂದು ಕಲಿಸಬೇಕು?

ಹೀಗಿರುವಾಗ ಬಿಬಿಜಾನಳಿಗೆ ನಾಯಿ ಕಚ್ಚಿತು. ಸವಣೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ವೀಳ್ಯದೆಲೆ ಮಾರುವ ಬಿಬಿಜಾನ ಸರೋಜವ್ವನ ಹಳೆಯ ಗೆಳತಿ. ಅವಳ ಕೈಯ ಎಲೆ ಬಾಯಿಗೆ ಬೀಳದೆ ಇವಳ ದನಿ ಏಳುವುದಿಲ್ಲ. ಸುದ್ದಿ ಕೇಳಿ ಓಡಿದೆವು. ಬಿಬಿಜಾನ ಮೀನಖಂಡಕ್ಕೆ ಖಾರಪುಡಿ ಮೆತ್ತಿ, ಅರಿವೆ ಕಟ್ಟಿಕೊಂಡು, ಎಲೆಗೆ ನೀರು ಚಿಮುಕಿಸುತ್ತ ಕೂತಿದ್ದಳು.

“ಏಳು, ದವಾಖಾನಿಗೆ ಹೋಗೂಣು,” ಎಂದಳು ಸರೋಜವ್ವ.

“ಯಾಕ? ಸೂಜಿ ಬ್ಯಾಡ ಅಂತ ನೀನ ಹಾಡಿಯಲ್ಲ ಸರೋಜಕ್ಕ.”

“ಅದು ನನ್ನ ಪಾಲಿಗೆ ಬಂದಿತ್ತು, ಹಾಡಿದೆ. ಆ ಹುಚ್ಚ ಹತ್ತಿತಂದ್ರ ನೀ ಉಳಿಯೂದಿಲ್ಲ.”

“ಊರ ಮುಂದ ದಪ್ಪು ಬಡದು ಹೇಳಿದ್ದು ಸುಳ್ಳ, ಇಲ್ಲಿ ಕಿವ್ಯಾಗ ಹೇಳೂದು ಖರೆ. ಯಾವ್ದು ನಂಬಲಿ?” ಬಿಬಿಜಾನ ನೀರಿನ ಚೊಂಬು ಕೆಳಗಿಟ್ಟಳು. “ಕಾಲಿನ ವಿಷ ತೋಳಿನಾಗ ಹ್ಯಾಂಗ ಸಿಗತೈತಿ, ಅಷ್ಟ ಹೇಳು. ಹೇಳಿದ್ರ ಬರ್ತೇನಿ.”

ತುಂತುಣಿ ಇಲ್ಲದಿದ್ದರೂ ನನ್ನ ಬೆರಳು ತಾವಾಗಿಯೇ ಆಡುತ್ತಿದ್ದವು, ಸರೋಜವ್ವನ ಸಾಲಿಗೆ ಕಾಯುತ್ತಿದ್ದೆ.

“ನನಗ ಗೊತ್ತಿಲ್ಲ,” ಎಂದಳು ಕಡೆಗೆ. “ಗೊತ್ತಿದ್ರ ಸವಾಲ್ ಯಾಕ ಹಾಕ್ತಿದ್ದೆ. ನಡಿ, ಚುಚ್ಚಾವ್ರನ್ನ ಕೇಳೂಣು. ಅವರೂ ಹೇಳಲಿಲ್ಲಂದ್ರ ನಾನ ನಿನ್ನ ವಾಪಸ್ ಕರ್ಕೊಂಡ ಬರ್ತೇನಿ.”

ದವಾಖಾನೆಯಲ್ಲಿ ಯಾರಿಗೆ ಪುರುಸೊತ್ತು? ಸುಮ್ಮನೆ ಕೈ ಚಾಚು ಎಂದು ಗದರಿಸಿದರೆ ಬಿಬಿಜಾನಳ ಗತಿ ಏನು? ಅವಳು ಮಾತ್ರ ಎಲೆಬುಟ್ಟಿಗೆ ಒದ್ದೆ ಗೋಣಿತಟ್ಟು ಮುಚ್ಚಿ ಎದ್ದೇಬಿಟ್ಟಳು.

ನರ್ಸ್ ಕೌಸರ ಖಾರಪುಡಿ ಕಂಡು ಬೈದಳು. ನಲ್ಲಿಯ ಕೆಳಗೆ ಕೂರಿಸಿ ಸಾಬೂನು ಹಚ್ಚಿ ಬಹಳ ಹೊತ್ತು ತೊಳೆಸಿದಳು. ಸೂಜಿ ಕೈಗೆತ್ತಿಕೊಂಡಾಗ ಬಿಬಿಜಾನ ತೋಳನ್ನು ಸೆರಗಿನೊಳಗೆ ಎಳೆದುಕೊಂಡು ಗೆಳತಿಯ ಮುಖ ನೋಡಿದಳು. ಸರೋಜವ್ವ ಅದೇ ಸವಾಲನ್ನು ಕೇಳಿದಳು. ದಪ್ಪಿಲ್ಲ, ರಾಗವಿಲ್ಲ, ಬರೀ ಮಾತಿನಲ್ಲಿ.

“ವಿಷ ಕಾಲಾಗ ನಿಂದ್ರೂದಿಲ್ಲರಿ ಅಕ್ಕಾರ,” ಎಂದಳು ಕೌಸರ. “ನರ ಹಿಡದು ಮೆಲ್ಲಕ ತಲಿಗೆ ಹೊಂಟಿರತೈತಿ. ಸೂಜಿ ಅದರ ಬೆನ್ನ ಹತ್ತಿ ಹೋಗೂದಿಲ್ಲ. ವೈರಿ ಬಂದಾನ ಅಂತ ಮೈಗೆಲ್ಲಾ ಸುದ್ದಿ ಮುಟ್ಟಸ್ತೈತಿ. ಯಾವ ಬಾಗಲ್ದಾಗ ನಿಂತ ಕೂಗಿದ್ರೇನು, ಮನಿಯವ್ರೆಲ್ಲಾ ಏಳ್ತಾರ. ವಿಷ ತಲಿ ಮುಟ್ಟೂದ್ರಾಗ ಏಳಬೇಕು, ಅಷ್ಟ.”

ಬಿಬಿಜಾನ ತೋಳು ಚಾಚಿದಳು. ನನಗೆ ಹೋದ ಜೀವ ಬಂದಂತಾಯಿತು. ಸರೋಜವ್ವ ಮಾತ್ರ ಕೆಂಡವಾದಳು.

“ಇಷ್ಟ ಸರಳ ಐತಿ. ನನಗ್ಯಾಕ ಯಾರೂ ಹೇಳಲಿಲ್ಲ?”

“ನೀವು ಯಾರ್ನೂ ಕೇಳಿರಲಿಲ್ಲಲ್ರಿ.”

“ಇಡೀ ಸವಣೂರ ಮುಂದ ನಿಂತ ಕೇಳೇನಿ.”

ಕೌಸರ ತಲೆ ತಗ್ಗಿಸಿ ಹತ್ತಿ ಒತ್ತಿದಳು. “ಹೌದ್ರಿ. ನಾನೂ ಅವತ್ತ ಮುಂದ ಕುಂತಿದ್ದೆ, ಚಪ್ಪಾಳಿ ಹೊಡದೆ. ನೀವು ಹಾಡಾಕತ್ತೀರಿ ಅಂತ ತಿಳಕೊಂಡೆ. ಕೇಳಾಕತ್ತೀರಿ ಅಂತ ತಿಳೀಲಿಲ್ಲ.”

ಮುಂದಿನ ಸೂಜಿಗಳ ದಿನ ಕೇಳಿಕೊಂಡು, ಬಿಬಿಜಾನಳನ್ನು ಮನೆಗೆ ಮುಟ್ಟಿಸಿ ಬಸ್ಸು ಹತ್ತಿದೆವು. ಮುಂದಿನ ಸೀಟಿನವನ ಫೋನಿನಲ್ಲಿ ಅದೇ ಪದ ನಡೆದಿತ್ತು. ಸರೋಜವ್ವ ಎದ್ದು, ಕಂಬಿ ಹಿಡಿದು, ಕೌಸರ ಹೇಳಿದ ಜವಾಬನ್ನು ಅದೇ ಧಾಟಿಯಲ್ಲಿ ಹಾಡತೊಡಗಿದಳು. ನಾನೂ ನಾಚಿಕೆ ಬಿಟ್ಟು ದನಿ ಕೂಡಿಸಿದೆ. ಅವನು ತಿರುಗಿಯೂ ನೋಡದೆ ಫೋನನ್ನು ಕಿವಿಗೆ ಒತ್ತಿಕೊಂಡ.

“ಜರಾ ಸುಮ್ಕಿರಬೇ ಯವ್ವಾ,” ಎಂದ. “ಸರೋಜವ್ವನ ಪದಾ ಕೇಳಾಕತ್ತೇನಿ.”