ಸ್ಪಾಸಿಯಾ ಬೆಕ್ಕು ಕಾಯ್ದ ಹತ್ತು ದಿನ

ಬಿತೋಲಾ ಪಟ್ಟಣದ ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಚೀಲ ಹೊಲಿದು ನಿವೃತ್ತಳಾದ ಸ್ಪಾಸಿಯಾಳ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಕಡಿಮೆ. ಇದ್ದದ್ದನ್ನು ಇದ್ದ ಹಾಗೆ ಹೇಳುವವಳು, ಕೆಲವೊಮ್ಮೆ ಇಲ್ಲದ್ದನ್ನೂ. ಮಗ ವಾಂಚೋ ತನ್ನ ಹೆಂಡತಿ ಲೆನ್ಚೆಯನ್ನು ಬಿಟ್ಟು ಇನ್ನೊಬ್ಬಳ ಜೊತೆ ಓಹ್ರಿದ್ ಊರು ಸೇರಿಕೊಂಡಾಗ ಅವಳು ಮಗನೊಡನೆ ಒಂದು ವರ್ಷ ಮಾತು ಬಿಟ್ಟಿದ್ದಳು. ಸೊಸೆಯ ಪರ ನಿಂತವಳೇ. ಆದರೆ ಎರಡು ವರ್ಷದ ಹಿಂದೆ ಲೆನ್ಚೆ, ಜಮೀನು ಅಳೆಯುವ ಕೆಲಸದ ತ್ರಾಯ್ಚೆಯನ್ನು ಮದುವೆಯಾದಳು. ಅದೂ ಸ್ಪಾಸಿಯಾಗೆ ಸೇರಲಿಲ್ಲ. ಅಂದಿನಿಂದ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಮೊಮ್ಮಗಳು ಕಾಲಿನಾ ಮಾತ್ರ ಭಾನುವಾರ ಅಜ್ಜಿಯ ಮನೆಗೆ ಬಂದು ಹೋಗುತ್ತಿದ್ದಳು.

ಪಕ್ಕದವರೊಡನೆ ಕಾಫಿಗೆ ಕೂತಾಗಲೆಲ್ಲ ಅವಳದು ಒಂದೇ ರಾಗ. ಆ ತ್ರಾಯ್ಚೆ ಮೊದಲು ಬೆಕ್ಕುಗಳನ್ನು ಹೊರಗೆ ಹಾಕುತ್ತಾನೆ, ಆಮೇಲೆ ನನ್ನ ಮೊಮ್ಮಗಳನ್ನು. ಪಿಪೆರ್ಕಾ, ಚೋರ್ಬಾ ಎಂಬ ಆ ಎರಡು ಬೆಕ್ಕುಗಳೂ ಸ್ಪಾಸಿಯಾಳ ಅಂಗಳದಲ್ಲೇ ಹುಟ್ಟಿ, ಕಾಲಿನಾಳ ಮಡಿಲಲ್ಲಿ ಕೂತು ಆ ಮನೆಗೆ ಹೋದವು.

ಆಗಸ್ಟ್‌ನಲ್ಲಿ ಊರೆಲ್ಲ ಗ್ರೀಸಿನ ಕಡಲಿಗೆ ಹೊರಡುವ ಹೊತ್ತಿಗೆ ಲೆನ್ಚೆ ಸ್ಪಾಸಿಯಾಳ ಗೇಟಿನ ಬಳಿ ಬಂದು ನಿಂತಳು. ಬೆಕ್ಕು ನೋಡಿಕೊಳ್ಳುತ್ತೇನೆಂದಿದ್ದ ಪಕ್ಕದ ಮನೆಯಾಕೆ ಕಾಲು ಮುರಿದುಕೊಂಡಿದ್ದಳು.

"ಅತ್ತೆ, ಕೇಳೋಕೆ ಸಂಕೋಚ ಆಗುತ್ತೆ. ಹತ್ತೇ ದಿನ. ಬೇರೆ ಯಾರೂ ಸಿಗಲಿಲ್ಲ."

"ಸಿಕ್ಕಿದ್ದಿದ್ರೆ ಅತ್ತೆ ನೆನಪಾಗ್ತಿದ್ಳೇನೆ?" ಎಂದಳು ಸ್ಪಾಸಿಯಾ. ಎಂದರೂ ಕೈ ಚಾಚಿ ಬೀಗದ ಕೈ ಇಸಿದುಕೊಂಡಳು.

ಲೆನ್ಚೆಯ ಅಡುಗೆಮನೆಯ ಬೀರುವಿಗೆ ಒಂದು ಹಾಳೆ ಅಂಟಿಸಿತ್ತು. ಅಕ್ಷರ ಲೆನ್ಚೆಯದಲ್ಲ, ನಕ್ಷೆ ಬರೆಯುವ ತ್ರಾಯ್ಚೆಯ ಅಚ್ಚುಕಟ್ಟು ಕೈ. ಪಿಪೆರ್ಕಾಗೆ ಊಟ ಬೆಚ್ಚಗಿರಬೇಕು. ಚೋರ್ಬಾ ಗಬಗಬನೆ ತಿಂದು ಕಕ್ಕುತ್ತದೆ, ಎರಡು ಸಲ ಸ್ವಲ್ಪ ಸ್ವಲ್ಪ ಹಾಕಿ. ಗುಡುಗಿದರೆ ಇಬ್ಬರೂ ಬಟ್ಟೆ ಒಗೆಯುವ ಯಂತ್ರದ ಹಿಂದೆ ಅಡಗುತ್ತಾರೆ, ಎಳೆಯಬೇಡಿ, ತಾವೇ ಬರುತ್ತಾರೆ. ಕೊನೆಯಲ್ಲಿ ಗೆರೆ ಎಳೆದು: ಮಲಗುವ ಕೋಣೆಯ ಬಾಗಿಲು ಯಾವಾಗಲೂ ಮುಚ್ಚಿರಲಿ. ಇಷ್ಟೆಲ್ಲ ಗಮನಿಸಿದ್ದಾನಲ್ಲ ಅಂತ ಅವಳಿಗೆ ಒಂದು ಗಳಿಗೆ ಅನಿಸಿತು. ಮರುಗಳಿಗೆಗೇ, ಹಾಸಿಗೆ ಕೊಳೆಯಾದೀತೆಂಬ ಜಿಪುಣತನ ಅಂದುಕೊಂಡಳು.

ನಾಲ್ಕನೆಯ ದಿನ ಚೋರ್ಬಾ ಕಾಣಲಿಲ್ಲ. ಯಂತ್ರದ ಹಿಂದಿಲ್ಲ, ಸೋಫಾದ ಕೆಳಗಿಲ್ಲ. ಕಡೆಗೆ ಮಲಗುವ ಕೋಣೆಯ ಬಾಗಿಲು ಒಂದು ಗೇಣು ತೆರೆದಿದ್ದು ಕಂಡಿತು. ಹಿಂದಿನ ದಿನ ಕಿಟಕಿ ಮುಚ್ಚಲು ಹೋದಾಗ ತಾನೇ ಸರಿಯಾಗಿ ಎಳೆದಿರಲಿಲ್ಲ. ಬೆಕ್ಕು ದಿಂಬಿನ ಮೇಲೆ ಸುರುಳಿಯಾಗಿ ಮಲಗಿತ್ತು. ಪಕ್ಕದ ಮೇಜಿನ ಮೇಲೆ ಮೂಗಿಗೆ ಬಿಡುವ ಔಷಧಿ, ಉಸಿರಿಗೆ ಎಳೆದುಕೊಳ್ಳುವ ಪಂಪು, ಖಾಲಿಯಾದ ಮಾತ್ರೆ ಹಾಳೆಗಳು. ಅವುಗಳ ಅಡಿಯಲ್ಲಿ ಎರಡು ವರ್ಷ ಹಳೆಯ ವೈದ್ಯರ ಚೀಟಿ. ಬೆಕ್ಕಿನ ಕೂದಲು ಆಗುವುದಿಲ್ಲ, ಮನೆಯಲ್ಲಿ ಬೆಕ್ಕು ಇಟ್ಟುಕೊಳ್ಳಬಾರದು ಅಂತ ಬರೆದಿತ್ತು. ರೋಗಿಯ ಹೆಸರು ತ್ರಾಯ್ಚೆ.

ಸ್ಪಾಸಿಯಾ ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಕಾಫಿಯ ಮುಂದೆ ಆಡಿದ ಮಾತೆಲ್ಲ ಒಂದೊಂದಾಗಿ ಕಿವಿಯಲ್ಲಿ ಮೊಳಗಿ, ಒಬ್ಬಳೇ ಇದ್ದರೂ ಮುಖ ಕೆಂಪಾಯಿತು. ಎರಡು ವರ್ಷದಲ್ಲಿ ಕಾಲಿನಾ ಒಂದು ದಿನವೂ ಇದನ್ನು ಹೇಳಿರಲಿಲ್ಲ. ಮಗುವಿಗೇ ಗೊತ್ತಿಲ್ಲವೇನೋ.

ಆಮೇಲೆ ಎದ್ದು ಬೆಕ್ಕನ್ನು ಎತ್ತಿ ಕೋಣೆಯ ಹೊರಗೆ ಬಿಟ್ಟಳು. ಹಾಸಿಗೆಯ ಬಟ್ಟೆ, ದಿಂಬಿನ ಚೀಲ, ಪರದೆ ಎಲ್ಲ ಒಗೆದು ಬಿಸಿಲಿಗೆ ಹಾಕಿದಳು. ನೆಲವನ್ನು ಮೂರು ಸಲ ಒದ್ದೆ ಬಟ್ಟೆಯಿಂದ ಒರೆಸಿದಳು. ಉಳಿದ ಆರು ದಿನವೂ ಅದೇ ಕೆಲಸ.

ಅವರು ಕಡಲಿನಿಂದ ಮರಳಿದ ಮಧ್ಯಾಹ್ನ ಕಾಲಿನಾ ಬೆಕ್ಕುಗಳನ್ನು ಅವುಚಿಕೊಂಡು ತನ್ನ ಕೋಣೆ ಸೇರಿದಳು. ಲೆನ್ಚೆ ಗಂಟುಮೂಟೆ ಬಿಚ್ಚುತ್ತಿದ್ದಳು. ಸ್ಪಾಸಿಯಾ ಅಡುಗೆಮನೆಯಲ್ಲಿ ತ್ರಾಯ್ಚೆಯ ಎದುರು ಕಾಫಿ ಇಟ್ಟು, ತಾನು ಚೀಟಿ ಓದಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು.

"ಬೆಕ್ಕುಗಳನ್ನ ನಾನು ಕರ್ಕೊಂಡು ಹೋಗ್ತೀನಪ್ಪ. ನನ್ನ ಅಂಗಳದವೇ ತಾನೆ. ಕಾಲಿನಾ ಬಂದು ನೋಡ್ಕೊಂಡು ಹೋಗ್ಲಿ. ನೀನು ಯಾಕೆ ಉಸಿರು ಕಟ್ಕೊಂಡು ಬದುಕ್ಬೇಕು?"

ಅವನು ಕಾಫಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಬೇಡಮ್ಮ. ಆ ಹುಡುಗಿಯ ಮನೆಯಿಂದ ಈಗಾಗ್ಲೇ ಒಬ್ರು ಹೋಗಿದ್ದಾರೆ. ನಾನು ಬಂದೆ ಅಂತ ಇನ್ನೂ ಇಬ್ರು ಹೋಗೋದು ಬೇಡ."

ಒಬ್ಬರು ಎಂದರೆ ತನ್ನ ಮಗನೇ ಎಂದು ಸ್ಪಾಸಿಯಾಗೆ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ಅವನ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ.

"ಮಾತ್ರೆ ಖಾಲಿ ಹೊಟ್ಟೇಲಿ ನುಂಗ್ಬೇಡ ಮತ್ತೆ," ಎಂದಷ್ಟೇ ಹೇಳಿ, ಬೆಳಿಗ್ಗೆ ಮಾಡಿ ತಂದಿದ್ದ ಚೀಸ್ ತುಂಬಿದ ಕಡುಬನ್ನು ಅವನ ತಟ್ಟೆಗೆ ಹಾಕಿದಳು.

ಆ ಭಾನುವಾರ ಓಹ್ರಿದ್‌ನಿಂದ ಫೋನು ಮಾಡಿದ ವಾಂಚೋ, ಆ ಜಮೀನು ಅಳೆಯುವವನ ಮನೆಗೆ ಆಳಾಗಿ ಹೋಗಿದ್ದೆಯಂತಲ್ಲ ಎಂದು ಕುಟುಕಿದ. ಸ್ಪಾಸಿಯಾಗೆ ಹೇಳಲು ಬೇಕಾದಷ್ಟಿತ್ತು. ಚೀಟಿಯ ಸಂಗತಿ ಮಾತ್ರ ಎತ್ತಲಿಲ್ಲ, ಅದು ಆ ಮನೆಯವರ ಗುಟ್ಟು. ನಿನ್ನ ಮಗಳ ಹುಟ್ಟುಹಬ್ಬ ಮುಂದಿನ ತಿಂಗಳು, ಈ ಸಲವಾದರೂ ಬಂದು ಹೋಗು ಎಂದು ಹೇಳಿ ಫೋನು ಇಟ್ಟಳು.