ಹಿಮದ ಕರಡಿಯೂ ರಂಗಣ್ಣನ ಹೊಲವೂ

"ಎಲ್ಲರೂ ದೋಣಿಗೆ ನಡೀರಿ! ಓಡಬೇಡಿ, ಆದರೆ ಬೇಗ!"

ಗೈಡ್ ಇಂಗ್ಲಿಷಿನಲ್ಲಿ ಕೂಗಿದ್ದೇ ತಡ, ನಮ್ಮ ಗುಂಪಿನವರೆಲ್ಲ ದಡದ ಕಡೆ ಹೆಜ್ಜೆ ಹಾಕಿದರು. ನಮ್ಮ ಸರೋಜಕ್ಕ ಮಾತ್ರ ಕೂತಿದ್ದ ಬಂಡೆಯಿಂದ ಏಳಲಿಲ್ಲ.

"ಅಕ್ಕಾ, ಏಳು. ಕರಡಿ ಬರ್ತಾ ಐತಂತೆ!"

"ಕೇಳಿಸ್ತು ಕಣೇ. ಕಾಲು ಬರ್ತಿಲ್ಲ."

ನಾವಿದ್ದದ್ದು ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ಎಂಬ ದ್ವೀಪಗಳಲ್ಲಿ. ಮಧುಗಿರಿಯ ಇಬ್ಬರು ಹೆಂಗಸರಿಗೆ ಅಲ್ಲೇನು ಕೆಲಸ ಅಂತೀರಾ? ನನ್ನನ್ನು ಕೇಳಬೇಡಿ. ಸರೋಜಕ್ಕನನ್ನು ಕೇಳಿ.

ಸರೋಜಕ್ಕ ನನ್ನ ದೊಡ್ಡಪ್ಪನ ಮಗಳು. ಮದುವೆ ಬೇಡ ಅಂದವಳು, ಸ್ಟಾಫ್ ನರ್ಸ್ ಆಗಿ ರಿಟೈರ್ ಆದವಳು. ಅವಳಿದ್ದ ವಾರ್ಡಿನಲ್ಲಿ ಯಾರೋ ಒಂದು ಕ್ಯಾಲೆಂಡರ್ ನೇತುಹಾಕಿದ್ದರಂತೆ. ಅದರಲ್ಲಿ ಸಮುದ್ರದ ನಡುವೆ ನೀಲಿ ಮಂಜುಗಡ್ಡೆಯ ಬೆಟ್ಟ. ವರ್ಷ ಮುಗಿದರೂ ಇವಳು ಅದನ್ನು ತೆಗೆಯಲು ಬಿಡಲಿಲ್ಲ. ರಿಟೈರ್ ಆದವರು ಕಾಶಿಗೆ ಹೋಗುತ್ತಾರೆ. ಇವಳು ಆ ಬೆಟ್ಟ ನೋಡಬೇಕು ಅಂದಳು. ಜೊತೆಗೆ ಇಂಗ್ಲಿಷ್ ಮಾತಾಡಲು ನಾನು! (ನನ್ನ ಇಂಗ್ಲಿಷ್ ತುಮಕೂರು ದಾಟಿದ ಮೇಲೆ ತೊದಲುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ.)

ಹಡಗು ಹತ್ತಿದ ದಿನದಿಂದಲೇ ನನಗೆ ಗಲಿಬಿಲಿ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಊಟ ಮಾಡಿ ಎದ್ದರೆ ಅದು ಮಧ್ಯಾಹ್ನದ್ದೋ ರಾತ್ರಿಯದೋ ತಿಳಿಯದು. ಸರೋಜಕ್ಕ ದಿನಾ ದೀಪ ಹಚ್ಚುವವಳು. "ಸಂಜೆ ಆಯ್ತಾ?" ಅಂತ ಕೇಳುತ್ತಿದ್ದಳು. ಏನು ಹೇಳಲಿ? ದಡಕ್ಕಿಳಿಯುವ ಮೊದಲು ಬಟ್ಟೆ, ಬ್ಯಾಗು, ಬೂಟುಗಳಿಗೆಲ್ಲ ಧೂಳು ಹೀರುವ ವ್ಯಾಕ್ಯೂಮ್ ಹಿಡಿಯಬೇಕಿತ್ತು. ಹೊರಗಿನ ಒಂದು ಬೀಜವೂ ಆ ನೆಲಕ್ಕೆ ಬೀಳಬಾರದಂತೆ. ಸರೋಜಕ್ಕನ ಬ್ಯಾಗಿನ ಮೂಲೆಯಲ್ಲಿ ಹುರುಳಿಕಾಳು ಸಿಕ್ಕಿತು. ಹಡಗಿನ ಹುಡುಗಿ ಅದನ್ನು ಚಿಮಟದಲ್ಲಿ ಎತ್ತಿಕೊಂಡು, ಬಾಂಬು ಸಿಕ್ಕಿದ ಹಾಗೆ ನಮ್ಮ ಮುಖ ನೋಡಿದಳು.

ಇಷ್ಟೆಲ್ಲ ತಮಾಷೆ. ಕರಡಿಯ ವಿಷಯ ಮಾತ್ರ ತಮಾಷೆಯಲ್ಲ.

ಸರೋಜಕ್ಕನ ತಮ್ಮ ರಂಗಣ್ಣ ಕೊಳಾಲದ ಕಡೆ ಬೇಸಾಯ ಮಾಡಿಕೊಂಡಿದ್ದಾನೆ. ನಮ್ಮ ಬಂಡೆಬೆಟ್ಟಗಳಲ್ಲಿ ಕರಡಿ ಇರುವುದು ನಿಮಗೆ ಗೊತ್ತೇ ಇದೆ. ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ಕಡ್ಲೆಕಾಯಿ ಹೊಲಕ್ಕೆ ಹೊರಟವನ ಮೇಲೆ ಕರಡಿ ಬಿತ್ತು. ಅವನನ್ನು ಹೊತ್ತು ತಂದದ್ದು ಸರೋಜಕ್ಕ ಡ್ಯೂಟಿಯಲ್ಲಿದ್ದ ಆಸ್ಪತ್ರೆಗೇ. ಯಾರೋ ಪೇಷೆಂಟ್ ಅಂದುಕೊಂಡು ಅವಳು ಮುಖದ ರಕ್ತ ಒರೆಸುತ್ತಿದ್ದಳು. ಗುರುತು ಸಿಗುವ ಹಾಗೆ ಆ ಮುಖ ಇರಲಿಲ್ಲ. ಅವನು "ಅಕ್ಕಾ" ಅಂದ ಮೇಲೇ ಅವಳಿಗೆ ಗೊತ್ತಾದದ್ದು.

ರಂಗಣ್ಣ ಬದುಕಿದ. ಒಂದು ಕಣ್ಣು ಹೋಯಿತು. ಅಂದಿನಿಂದ ಅವಳ ಮುಂದೆ ಯಾರೂ ಕರಡಿಯ ಮಾತೆತ್ತುವುದಿಲ್ಲ. ಟಿವಿಯಲ್ಲಿ ಕಂಡರೂ ಚಾನೆಲ್ ಬದಲಾಯಿಸುತ್ತಾಳೆ. "ಅಲ್ಲಿ ಬಿಳಿ ಕರಡಿ ಇರ್ತವೆ ಅಕ್ಕ" ಅಂತ ಹೊರಡುವಾಗಲೇ ಎಚ್ಚರಿಸಿದ್ದೆ. "ಅದು ಬಂದ್ರೆ ನಾನು ರೂಮಿನಾಗೇ ಇರ್ತೀನಿ ಬುಡು" ಅಂದಿದ್ದಳು.

ಈಗ ನೋಡಿದರೆ ಅವಳು ಬಂಡೆಯ ಮೇಲೆ, ಕರಡಿ ದಿಬ್ಬದಾಚೆ.

ಹೆಗಲಿಗೆ ಬಂದೂಕು ಹಾಕಿದ್ದ ಗೈಡ್ ಹುಡುಗಿ ವಾಪಸ್ ಬಂದಳು. ಬೈಯಲಿಲ್ಲ. ಒಂದು ತೋಳು ಅವಳು, ಇನ್ನೊಂದು ತೋಳು ನಾನು. ಸರೋಜಕ್ಕನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ರಬ್ಬರ್ ದೋಣಿಗೆ ತಂದೆವು. ದೋಣಿ ದಡ ಬಿಟ್ಟು ಬಹಳ ದೂರ ಹೋದ ಮೇಲೆ ಗೈಡ್ ಕೈ ತೋರಿಸಿದಳು.

ದಿಬ್ಬ ಇಳಿದು ತಾಯಿ ಕರಡಿ ಬಂತು. ಹಿಂದೆ ಒಂದು ಮರಿ. ತಾಯಿ ನೆಟ್ಟಗೆ ಸರೋಜಕ್ಕ ಕೂತಿದ್ದ ಬಂಡೆಗೇ ಹೋಗಿ ಮೂಸಿತು. ಮರಿ ಬಂಡೆ ಹತ್ತಲು ಹೋಗಿ ಜಾರಿತು. ಮತ್ತೆ ಹತ್ತಿತು, ಮತ್ತೆ ಜಾರಿತು. ನನ್ನ ಪಕ್ಕದ ಜರ್ಮನ್ ಮುದುಕಿ ಅಳುತ್ತಿದ್ದಳು. ಖುಷಿಗೆ.

ಸರೋಜಕ್ಕ ನನ್ನ ಕೈಯಿಂದ ಬೈನಾಕ್ಯುಲರ್ ಕಿತ್ತುಕೊಂಡಳು. ಎಷ್ಟೋ ಹೊತ್ತು ಇಳಿಸಲಿಲ್ಲ.

"ಎಷ್ಟು ಚಂದ ಐತಲ್ಲೇ!"

ಅಂದವಳೇ ಸೆರಗು ಹುಡುಕಿದಳು. ಸಿಗಲಿಲ್ಲ. ದಪ್ಪ ಜಾಕೆಟ್ಟಿನ ತೋಳಿನಿಂದಲೇ ಮುಖ ಮುಚ್ಚಿಕೊಂಡಳು. "ಚಂದ ಅಂದ್ಬುಟ್ನಲ್ಲೇ. ರಂಗನ ಮುಂದೆ ಹೆಂಗೆ ನಿಲ್ಲಲಿ?"

ಅಷ್ಟರಲ್ಲಿ ಅವಳ ಮೊಬೈಲಿನಲ್ಲಿ ನಾನು ತಾಯಿ ಮರಿಯ ಫೋಟೋ ಹಿಡಿದಾಗಿತ್ತು. ನನಗೂ ಚಂದವೇ ಕಂಡಿತ್ತಲ್ಲ!

ಊರಿಗೆ ಬಂದ ವಾರಕ್ಕೆ ರಂಗಣ್ಣ ಕಡ್ಲೆಕಾಯಿ ಚೀಲ ಹಿಡಿದು ಮಧುಗಿರಿಗೆ ಬಂದ. "ಎಲ್ಲಕ್ಕ, ಐಸ್ ಬೆಟ್ಟ ತೋರ್ಸು" ಅಂದ. ಸರೋಜಕ್ಕ ಮೊಬೈಲ್ ತನ್ನ ಕೈಯಲ್ಲೇ ಇಟ್ಟುಕೊಂಡು ತೋರಿಸಿದಳು. ಬೆಟ್ಟ, ಹಕ್ಕಿ, ಮಲಗಿದ ಸೀಲ್ ಪ್ರಾಣಿ. ನಾನು ಕಾಫಿ ತರಲು ಎದ್ದೆ, ಅವಳು ನನಗೇನೋ ಹೇಳಲು ತಿರುಗಿದಳು. ಅಷ್ಟರಲ್ಲಿ ರಂಗಣ್ಣ ತಾನೇ ಬೆರಳಾಡಿಸಿದ. ಕರಡಿ ಬಂದುಬಿಟ್ಟಿತು.

ಅವಳು ಮೊಬೈಲ್ ಎಳೆದುಕೊಳ್ಳಲು ಹೋದಳು.

"ಇರಲಿ ಬುಡಕ್ಕ. ನೋಡ್ತೀನಿ."

ಮೊಬೈಲನ್ನು ತನ್ನ ಒಳ್ಳೆಯ ಕಣ್ಣಿಗೆ ಹತ್ತಿರ ಹಿಡಿದ. ಕಾಫಿ ಲೋಟ ಹಿಡಿದು ನಾನು ಬಾಗಿಲಲ್ಲೇ ನಿಂತೆ.

"ಮರಿ ಐತಲ್ಲ," ಅಂದ. "ನನ್ ಮ್ಯಾಲೆ ಬಿದ್ದಿದ್ದೂ ಮರಿ ತಾಯೇ ಕಣಮ್ಮ. ಅದರ ಬೆನ್ ಮ್ಯಾಲೆ ಎರಡು ಮರಿ ಕೂತಿದ್ವು. ನಾನು ಅದ್ಕೆ ಅಡ್ಡ ಸಿಕ್ಕಿದ್ದೆ." ಮೊಬೈಲ್ ಕಡೆ ಬೆರಳು ಮಾಡಿ, "ಇದು ಬಂದಾಗ ನೀವೇನ್ ಮಾಡಿದ್ರಿ?"

"ದೋಣಿ ಹತ್ತಿ ಹಡಗಿಗೆ ಹೋದ್ವಿ ಅಣ್ಣ," ಅಂದೆ.

"ಅದರ ಜಾಗ ಅದಕ್ಕೆ ಬುಟ್ಟು?"

"ಹೂಂ."

"ಒಳ್ಳೇದಾಯ್ತು. ಅಂಗೇ ಮಾಡ್ಬೇಕು." ಮತ್ತೆ ಮೊಬೈಲ್ ನೋಡಿದ. "ನಾನೂ ಬುಡ್ತಿದ್ದೆ ಕಣಕ್ಕ. ಆದ್ರೆ ನಾನು ಹತ್ತಕ್ಕೆ ಹಡಗೆಲ್ಲಿತ್ತು?"

ಕೊಂಕಿನ ಮಾತಲ್ಲ. ನಿಜಕ್ಕೂ ಕೇಳುತ್ತಿದ್ದ.

ಸರೋಜಕ್ಕ ಜೋರಾಗಿ ಅತ್ತಳು. "ಡಿಲೀಟ್ ಮಾಡ್ಬುಡ್ತೀನಿ ಕಣೋ, ಕೊಡು" ಅಂದಳು. ರಂಗಣ್ಣ ಕೊಡಲಿಲ್ಲ. ನನ್ನ ಕಡೆ ಮೊಬೈಲ್ ಚಾಚಿ, "ಇದನ್ನ ನನ್ ಫೋನಿಗೆ ಕಳ್ಸಮ್ಮ" ಅಂದ.

"ನಿನಗ್ಯಾಕಣ್ಣ ಇದು?"

"ಗೊತ್ತಿಲ್ಲ ಕಣಮ್ಮ. ಮರಿ ಮುದ್ದಾಗೈತೆ."

ಕಳಿಸಿದೆ. ಅವನು ಕಾಫಿ ಕುಡಿದು, ಕತ್ತಲಾಗುವ ಮುಂಚೆ ಊರು ಸೇರಬೇಕು ಅಂತ ಬೇಗ ಎದ್ದು ಹೊರಟ. ಈಗಲೂ ಅದೇ ಹೊಲ, ಅದೇ ಬೆಟ್ಟದ ಬುಡ. ಸದ್ದಿಗೆ ಕರಡಿ ದೂರ ಹೋಗಲಿ ಅಂತ ತಗಡಿನ ಡಬ್ಬ ಬಡಿಯುತ್ತಾ ಹೋಗುತ್ತಾನೆ. ಅಕ್ಕ ತಮ್ಮ ಮೊದಲಿಗಿಂತ ಹೆಚ್ಚು ಫೋನಿನಲ್ಲಿ ಮಾತಾಡುತ್ತಾರೆ. ಮಾತಾಡುವುದು ಏನನ್ನು? ಕರಡಿಗಳ ಬಗ್ಗೆ! ನೆನ್ನೆ ಯಾರ ಹೊಲಕ್ಕೆ ಬಂದಿತ್ತು, ಮರಿ ಇತ್ತಾ, ಯಾವ ಕಡೆ ಹೋಯಿತು. ಇವಳು ಫೋನಿಟ್ಟು "ಪಾಪ" ಅನ್ನುತ್ತಾಳೆ. ಪಾಪ ತಮ್ಮನೋ ಕರಡಿಯೋ, ನಾನು ಕೇಳಲು ಹೋಗಿಲ್ಲ.

ಮೊನ್ನೆ ಶಿರಾದ ಒಂದು ಶಾಲೆಯಿಂದ ಫೋನ್ ಬಂತು. ಧ್ರುವ ಪ್ರದೇಶ ನೋಡಿ ಬಂದಿದ್ದೀರಂತೆ, ಮಕ್ಕಳಿಗೆ 'ಕಾಡುಪ್ರಾಣಿಗಳನ್ನು ಪ್ರೀತಿಸಿ' ಅಂತ ನಾಲ್ಕು ಮಾತು ಹೇಳಿ ಮೇಡಂ ಅಂದರು. ಬಾಯಿತಪ್ಪಿ ಹೂಂ ಅಂದುಬಿಟ್ಟೆ. ನಾಲ್ಕು ಮಾತಿರಲಿ, ಒಂದೂ ಹೊಳೆಯುತ್ತಿಲ್ಲ.

ನೀವೇ ಹೇಳಿ: ಹಡಗಿನಲ್ಲಿ ನಿಂತು ಪ್ರೀತಿಸಿದವಳು, ಹೊಲದಲ್ಲಿ ನಿಂತವರ ಮಕ್ಕಳಿಗೆ ಏನಂತ ಪಾಠ ಹೇಳಲಿ?